ಎಷ್ಟು ವೋಟು ಬೇಕು? ಸ್ಕೂಲ್ ಬೋರ್ಡಿಗೂ ಅಸೆಂಬ್ಲಿಗೂ ನಿಂತ ಲೆಕ್ಕ

ಕ್ಯಾಲಿಫೋರ್ನಿಯಾದಲ್ಲಿ ಚುನಾವಣೆಗೆ ನಿಲ್ಲುವ ಯೋಚನೆ ಇರುವ ನಮ್ಮವರು ಫೋನ್ ಮಾಡಿದಾಗ ಮೊದಲು ಕೇಳುವುದು "ದುಡ್ಡು ಎಷ್ಟು ಬೇಕಾಗುತ್ತೆ?" ಅಂತ. ನಾನು ತಿರುಗಿ ಕೇಳುವುದು "ಗೆಲ್ಲೋದಕ್ಕೆ ಎಷ್ಟು ವೋಟು ಬೇಕು, ಲೆಕ್ಕ ಹಾಕಿದ್ದೀರಾ?" ಅಂತ. ಆ ಸಂಖ್ಯೆ ಕೈಗೆ ಸಿಕ್ಕರೆ ದುಡ್ಡು, ಜನ, ದಿನ ಮೂರೂ ಅದರ ಹಿಂದೆ ಬರುತ್ತವೆ. ಸ್ಕೂಲ್ ಬೋರ್ಡಿಗೆ ಎರಡು ಸಲ, ರಾಜ್ಯದ ಅಸೆಂಬ್ಲಿಗೆ ಒಂದು ಸಲ ನಿಂತ ಮೇಲೆ ನನಗೆ ಗಟ್ಟಿಯಾಗಿ ಅನ್ನಿಸಿರುವುದು ಇಷ್ಟು: ಸ್ಕೂಲ್ ಬೋರ್ಡನ್ನು ಕಾಲಲ್ಲಿ ನಡೆದು ಗೆಲ್ಲಬಹುದು, ಅಸೆಂಬ್ಲಿ ಕ್ಷೇತ್ರವನ್ನು ನಡೆದು ಮುಗಿಸಲು ಆಗುವುದಿಲ್ಲ. ಎರಡಕ್ಕೂ ಒಂದೇ ವಿಧಾನ ಹಿಡಿದವರು ಎರಡನೆಯದರಲ್ಲಿ ಎಡವುತ್ತಾರೆ.

ಊರಿನ ಓದುಗರಿಗೆ ಒಂದು ಮಾತು. ಇಲ್ಲಿ ಸರ್ಕಾರಿ ಶಾಲೆಗಳನ್ನು ನಡೆಸುವುದು ಸ್ಕೂಲ್ ಡಿಸ್ಟ್ರಿಕ್ಟ್ ಎಂಬ ಪ್ರತ್ಯೇಕ ಸ್ಥಳೀಯ ಸಂಸ್ಥೆ. ಅದರ ಬೋರ್ಡಿನಲ್ಲಿ ಸಾಮಾನ್ಯವಾಗಿ 5 ಅಥವಾ 7 ಟ್ರಸ್ಟಿಗಳು, ಅವಧಿ ನಾಲ್ಕು ವರ್ಷ. ಡಿಸ್ಟ್ರಿಕ್ಟಿನ ಮುಖ್ಯ ಆಡಳಿತಾಧಿಕಾರಿಯಾದ ಸೂಪರಿಂಟೆಂಡೆಂಟರನ್ನು ನೇಮಿಸುವುದು, ಬಜೆಟ್ ಮಂಜೂರು ಮಾಡುವುದು, ಶಿಕ್ಷಕರ ಯೂನಿಯನ್ನಿನ ಒಪ್ಪಂದಕ್ಕೆ ಒಪ್ಪಿಗೆ ಕೊಡುವುದು, ಮಕ್ಕಳು ಕಡಿಮೆಯಾದ ಶಾಲೆಯನ್ನು ಮುಚ್ಚಬೇಕೋ ಬೇಡವೋ ತೀರ್ಮಾನಿಸುವುದು ಎಲ್ಲ ಇವರದೇ ಕೆಲಸ. ನಮ್ಮ ಎಸ್‌ಡಿಎಂಸಿಯ ಅಳತೆಯಲ್ಲಿ ಇದನ್ನು ನೋಡಬೇಡಿ. ಚುನಾವಣೆಯಲ್ಲಿ ಪಕ್ಷದ ಹೆಸರು ಮತಪತ್ರದ ಮೇಲೆ ಬರುವುದಿಲ್ಲ. ನಿಲ್ಲಲು 18 ತುಂಬಿರಬೇಕು, ಆ ಡಿಸ್ಟ್ರಿಕ್ಟಿನಲ್ಲಿ ವಾಸವಿರಬೇಕು, ಮತದಾರರಾಗಿ ನೋಂದಾಯಿಸಿರಬೇಕು. ಅಂದರೆ ಅಮೆರಿಕದ ಪೌರತ್ವ ಬಂದಿರಬೇಕು. ಅದೇ ಡಿಸ್ಟ್ರಿಕ್ಟಿನ ನೌಕರರು ಗೆದ್ದರೆ ಕೆಲಸಕ್ಕೆ ರಾಜೀನಾಮೆ ಕೊಟ್ಟೇ ಪ್ರಮಾಣವಚನ ತೆಗೆದುಕೊಳ್ಳಬೇಕು.

ಮೊದಲ ಕೆಲಸ, ಕೌಂಟಿಯ (ನಮ್ಮ ಜಿಲ್ಲೆಯ ಹಾಗೆ) ರಿಜಿಸ್ಟ್ರಾರ್ ಆಫ್ ವೋಟರ್ಸ್ ಕಚೇರಿಯಿಂದ ಟ್ರಸ್ಟಿ ಏರಿಯಾದ ನಕ್ಷೆ ತರುವುದು. 2001ರ ಕ್ಯಾಲಿಫೋರ್ನಿಯಾ ಮತದಾನ ಹಕ್ಕು ಕಾಯ್ದೆ ಬಂದ ಮೇಲೆ ಬಹಳಷ್ಟು ಡಿಸ್ಟ್ರಿಕ್ಟುಗಳು ಇಡೀ ಊರಿಗೆ ಒಂದೇ ಕ್ಷೇತ್ರ ಅನ್ನುವ ಪದ್ಧತಿ ಬಿಟ್ಟು ವಾರ್ಡುಗಳ ಹಾಗೆ ಏರಿಯಾ ಮಾಡಿಕೊಂಡಿವೆ. ಗಡಿ ಬೀದಿಯ ನಡುವೆ ಹೋಗಿರುತ್ತದೆ. ಎದುರುಮನೆಯವರು ನಿಮ್ಮ ಮತದಾರರಲ್ಲದೆ ಇರಬಹುದು. ಮುಂದಿನ ನವೆಂಬರಿನಲ್ಲಿ ಯಾವ ಯಾವ ಏರಿಯಾದ ಸೀಟು ಖಾಲಿಯಾಗುತ್ತದೆ, ಈಗಿನ ಟ್ರಸ್ಟಿ ಮತ್ತೆ ನಿಲ್ಲುತ್ತಾರಾ ಎಂದು ಕೇಳಿ ತಿಳಿಯಿರಿ. ಒಂದು ಸೀಟಿಗೆ ಒಬ್ಬರೇ ನಾಮಪತ್ರ ಹಾಕಿದರೆ ಚುನಾವಣೆಯೇ ನಡೆಯುವುದಿಲ್ಲ, ಆ ಒಬ್ಬರನ್ನೇ ನೇಮಕ ಮಾಡುತ್ತಾರೆ. ಎಷ್ಟೋ ಸೀಟುಗಳು ಹೀಗೇ ತುಂಬುತ್ತವೆ, ಅಕ್ಕಪಕ್ಕದವರಿಗೆ ಸುದ್ದಿಯೇ ಇರುವುದಿಲ್ಲ. ನನಗೆ ಇದು ನಿಜಕ್ಕೂ ನೋವಿನ ವಿಷಯ.

ಈಗ ಲೆಕ್ಕ. ಏರಿಯಾದಲ್ಲಿ 16,000 ನೋಂದಾಯಿತ ಮತದಾರರು ಇದ್ದಾರೆ ಅಂದುಕೊಳ್ಳಿ. 70% ಜನ ಅಂಚೆಯಲ್ಲಿ ಬಂದ ಮತಪತ್ರ ವಾಪಸು ಕಳಿಸಿದರೆ 11,200. ಆದರೆ ಸ್ಕೂಲ್ ಬೋರ್ಡ್ ಇರುವುದು ಮತಪತ್ರದ ಬಾಲದಲ್ಲಿ. ಅಧ್ಯಕ್ಷರಿಂದಲೋ ಗವರ್ನರರಿಂದಲೋ ಶುರು ಮಾಡಿದವರು ಅಲ್ಲಿಗೆ ಬರುವ ಹೊತ್ತಿಗೆ ಸುಸ್ತಾಗಿ ಖಾಲಿ ಬಿಡುತ್ತಾರೆ. ಕಾಲು ಭಾಗ ಹಾಗೆ ಹೋಯಿತು ಅನ್ನಿ, ಉಳಿಯುವುದು 8,400. ಮೂವರು ನಿಂತಿದ್ದರೆ 40% ಬಂದವರು ಸಾಮಾನ್ಯವಾಗಿ ಗೆಲ್ಲುತ್ತಾರೆ, ಅಂದರೆ 3,360. ಎರಡನೇ ಸುತ್ತು ಇಲ್ಲ. ಹೆಚ್ಚು ವೋಟು ಬಂದವರಿಗೇ ಸೀಟು. ಅಪಾಯಕ್ಕೆ ಸ್ವಲ್ಪ ಸೇರಿಸಿ 3,600 ಎಂದು ಗೋಡೆಗೆ ಬರೆದು ಅಂಟಿಸಿಡಿ. ನಿಮ್ಮ ಏರಿಯಾದ ಹಿಂದಿನ ಎರಡು ಚುನಾವಣೆಗಳ ಅಧಿಕೃತ ಫಲಿತಾಂಶ ಕೌಂಟಿಯಲ್ಲಿ ಸಿಗುತ್ತದೆ. ಒಟ್ಟು ಬಂದ ಮತಪತ್ರ ಎಷ್ಟು, ಸ್ಕೂಲ್ ಬೋರ್ಡಿಗೆ ಬಿದ್ದದ್ದು ಎಷ್ಟು ಎಂದು ಪ್ರಿಸಿಂಕ್ಟುವಾರು (ಮತಗಟ್ಟೆವಾರು) ಕೂಡಿಸಿದರೆ ಖಾಲಿ ಬಿಟ್ಟವರ ಪ್ರಮಾಣ ಖಚಿತವಾಗಿ ಗೊತ್ತಾಗುತ್ತದೆ. ಊಹೆ ಮಾಡಬೇಡಿ, ಎರಡು ಸಂಜೆಯ ಕೆಲಸ ಅಷ್ಟೆ.

ಕಾಗದಪತ್ರದ ಕ್ರಮ ತಪ್ಪಿದರೆ ದಂಡ ಬೀಳುತ್ತದೆ, ಅದಕ್ಕಿಂತ ಹೆಚ್ಚಾಗಿ ಎದುರಾಳಿಯ ಕರಪತ್ರಕ್ಕೆ ಸರಕು ಸಿಗುತ್ತದೆ. ಯಾರ ಹತ್ತಿರವೂ ಒಂದು ಡಾಲರ್ ಕೇಳುವ ಮೊದಲು, ಸ್ವಂತ ದುಡ್ಡು ಖರ್ಚು ಮಾಡುವ ಮೊದಲು, ನಿಲ್ಲುವ ಉದ್ದೇಶ ತಿಳಿಸುವ ಫಾರಂ 501 ಸಲ್ಲಿಸಬೇಕು. ಪ್ರಚಾರಕ್ಕೇ ಬೇರೆ ಬ್ಯಾಂಕ್ ಖಾತೆ ತೆರೆಯಬೇಕು. ನಿಮ್ಮ ಸ್ವಂತ ದುಡ್ಡು ಕೂಡ ಮೊದಲು ಆ ಖಾತೆಗೆ ಹೋಗಿ ಅಲ್ಲಿಂದ ಖರ್ಚಾಗಬೇಕು. ಬಂದದ್ದೋ ಖರ್ಚಾದದ್ದೋ 2,000 ಡಾಲರ್ ಮುಟ್ಟಿದ 10 ದಿನದೊಳಗೆ ಫಾರಂ 410 ಕೊಟ್ಟು ಸಮಿತಿಯ ಸಂಖ್ಯೆ ಪಡೆಯಬೇಕು. ಅಷ್ಟು ದುಡ್ಡು ಮುಟ್ಟುವುದೇ ಇಲ್ಲ ಅನ್ನುವವರಿಗೆ ಫಾರಂ 470 ಸಾಕು. ಲೆಕ್ಕಪತ್ರದ ಫಾರಂ 460 ಚುನಾವಣೆಗೆ 40 ದಿನ ಇರುವಾಗ ಒಮ್ಮೆ, 12 ದಿನ ಇರುವಾಗ ಮತ್ತೊಮ್ಮೆ. ಕೊನೆಯ 90 ದಿನಗಳಲ್ಲಿ ಒಬ್ಬರಿಂದಲೇ 1,000 ಡಾಲರ್ ಅಥವಾ ಹೆಚ್ಚು ಬಂದರೆ 24 ಗಂಟೆಯೊಳಗೆ ಫಾರಂ 497. ಎಲ್ಲರೂ ಮರೆಯುವುದು ಈ ಕೊನೆಯದನ್ನೇ, ಯಾಕೆಂದರೆ ಅಂಥ ಚೆಕ್ ಬರುವುದು ಶನಿವಾರ ಸಂಜೆ ಯಾರದೋ ಮನೆಯಲ್ಲಿ. ಖಜಾಂಚಿ ಇಲ್ಲದ ಸಮಿತಿ ಒಂದು ಪೈಸೆಯನ್ನೂ ತೆಗೆದುಕೊಳ್ಳುವಂತಿಲ್ಲ, ಖರ್ಚು ಮಾಡುವಂತಿಲ್ಲ. ಆದ್ದರಿಂದ ಖಜಾಂಚಿಯಾಗಿ ಹೆಸರಿಗೊಬ್ಬ ಸ್ನೇಹಿತನನ್ನು ಹಾಕಿಕೊಳ್ಳಬೇಡಿ. ವಾರಕ್ಕೆ ಎರಡು ಸಂಜೆ ಕೂತು ಪ್ರತಿ ಚೆಕ್ಕಿನ ಫೋಟೋ ತೆಗೆದು, ಪಟ್ಟಿಗೆ ಏರಿಸುವವರು ಬೇಕು.

ನಮ್ಮ ಸಮುದಾಯದಲ್ಲಿ ದುಡ್ಡು ಎತ್ತುವಾಗ ಆಗುವ ತಪ್ಪುಗಳ ಬಗ್ಗೆ ವಿವರವಾಗಿ ಹೇಳಲೇಬೇಕು. ಅಮೆರಿಕದ ಪ್ರಜೆಗಳು ಮತ್ತು ಗ್ರೀನ್ ಕಾರ್ಡ್ ಇರುವವರು ಮಾತ್ರ ಕೊಡಬಹುದು. ಎಚ್-1ಬಿ ವೀಸಾದಲ್ಲಿರುವವರು ಕೊಡುವಂತಿಲ್ಲ, ಊರಿನಲ್ಲಿರುವ ಅಪ್ಪ ಅಮ್ಮ ಕೊಡುವಂತಿಲ್ಲ. ಇದು ಫೆಡರಲ್ ಕಾನೂನು, ಅತಿ ಚಿಕ್ಕ ಸ್ಕೂಲ್ ಬೋರ್ಡಿಗೂ ಅನ್ವಯ. ಹತ್ತು ವರ್ಷದಿಂದ ಪಕ್ಕದ ಮನೆಯಲ್ಲಿರುವ, ಇಲ್ಲೇ ತೆರಿಗೆ ಕಟ್ಟುವ, ಮಕ್ಕಳನ್ನು ಇದೇ ಶಾಲೆಗೆ ಕಳಿಸುವ ಸ್ನೇಹಿತನಿಗೆ "ನಿನ್ನ ಚೆಕ್ ತಗೊಳ್ಳೋಕಾಗಲ್ಲ" ಅನ್ನುವುದು ಕಷ್ಟದ ಮಾತು. ಆದರೂ ಅನ್ನಲೇಬೇಕು, ಅದೂ ಅವರು ಚೆಕ್ ಬರೆಯುವ ಮೊದಲು. ಅವರು ಸಂಬಳವಿಲ್ಲದೆ ಸ್ವಯಂಸೇವಕರಾಗಿ ದುಡಿಯಬಹುದು, ಮನೆಮನೆಗೆ ಬರಬಹುದು. ದುಡ್ಡು ಎಲ್ಲಿ ಖರ್ಚಾಗಬೇಕು ಎಂಬ ತೀರ್ಮಾನದಲ್ಲಿ ಮಾತ್ರ ಕೈ ಹಾಕಬಾರದು.

ಇನ್ನೊಂದು, ಕವರು. ಶುಭಕಾರ್ಯಕ್ಕೆ 101 ಹಾಕಿ ಕೊಡುವುದು ನಮ್ಮ ರೂಢಿ. ಚುನಾವಣೆಗೆ ನಿಂತಿದ್ದೀರಿ ಎಂದು ಹಿರಿಯರೊಬ್ಬರು ಪ್ರೀತಿಯಿಂದ 101 ಡಾಲರ್ ನಗದು ಕವರಿನಲ್ಲಿಟ್ಟು, ಆಶೀರ್ವಾದ ಮಾಡಿ ಕೈಗಿಡುತ್ತಾರೆ. ಇಲ್ಲಿ 100 ಡಾಲರ್ ಅಥವಾ ಅದಕ್ಕಿಂತ ಹೆಚ್ಚು ನಗದು ತೆಗೆದುಕೊಳ್ಳುವುದು ಕಾನೂನುಬಾಹಿರ. ಅಲ್ಲೇ ಕವರು ತೆರೆದು, ನಮಸ್ಕಾರ ಮಾಡಿ, "ಇದನ್ನೇ ಚೆಕ್ಕಲ್ಲಿ ಕೊಡಿ" ಎಂದು ವಾಪಸು ಕೊಡಬೇಕು. 100 ಡಾಲರ್ ಮತ್ತು ಮೇಲೆ ಕೊಟ್ಟ ಪ್ರತಿಯೊಬ್ಬರ ಹೆಸರು, ವಿಳಾಸ, ಉದ್ಯೋಗ, ಕಂಪನಿಯ ಹೆಸರು ಬೇಕು. ಉದ್ಯೋಗದ ವಿವರ 60 ದಿನದೊಳಗೆ ಸಿಗದಿದ್ದರೆ ದುಡ್ಡು ವಾಪಸು. ದಂಪತಿಯ ಜಂಟಿ ಖಾತೆಯ ಚೆಕ್ಕಾದರೆ ಸಹಿ ಮಾಡಿದವರ ಕಾಣಿಕೆ ಎಂದೇ ಬರೆಯಬೇಕು. ಯಾರಾದರೂ ತಮ್ಮ ಮನೆಯಲ್ಲಿ ನಿಮಗಾಗಿ ಸಭೆ ಕರೆದು ಇಡ್ಲಿ, ಬಿಸಿಬೇಳೆ ಬಾತ್ ಮಾಡಿಸಿದರೆ ಆ ಖರ್ಚು 500 ಡಾಲರ್ ಒಳಗಿದ್ದಷ್ಟೂ ಕಾಣಿಕೆಯ ಲೆಕ್ಕಕ್ಕೆ ಬರುವುದಿಲ್ಲ. ದಾಟಿದರೆ ಬರುತ್ತದೆ. ಅಡುಗೆಯವರ ಬಿಲ್ಲಿನ ಪ್ರತಿ ಕೇಳಿ ಇಟ್ಟುಕೊಳ್ಳಿ.

ಕನ್ನಡ ಕೂಟ, ದೇವಸ್ಥಾನ ಇವೆಲ್ಲ ಬಹುಪಾಲು 501(ಸಿ)(3) ತೆರಿಗೆ ವಿನಾಯಿತಿಯ ಸಂಸ್ಥೆಗಳು. ಅವು ಯಾವ ಅಭ್ಯರ್ಥಿಯನ್ನೂ ಬೆಂಬಲಿಸುವಂತಿಲ್ಲ. ರಾಜ್ಯೋತ್ಸವದ ವೇದಿಕೆಯಿಂದ "ನಮ್ಮವರಿಗೇ ವೋಟು ಹಾಕಿ" ಎಂದು ಯಾರೋ ಉತ್ಸಾಹದಲ್ಲಿ ಹೇಳಿಬಿಟ್ಟರೆ ತೊಂದರೆ ಕೂಟಕ್ಕೆ. ಕೂಟದ ಇಮೇಲ್ ಪಟ್ಟಿಯನ್ನು ಮುಟ್ಟಬೇಡಿ. ಸದಸ್ಯರಾಗಿ ಹೋಗಿ, ಊಟ ಮಾಡಿ, ಮಾತಾಡಿಸಿ, ಅಷ್ಟೇ. ಯುಗಾದಿಗೆ ಸಭಾಂಗಣ ತುಂಬಿದ್ದನ್ನು ನೋಡಿ ಲೆಕ್ಕ ತಪ್ಪುವುದೂ ಉಂಟು. ಕೂತಿರುವ 800 ಜನರಲ್ಲಿ ವೀಸಾದಲ್ಲಿರುವವರು, ಗ್ರೀನ್ ಕಾರ್ಡಿನವರು, ಮಕ್ಕಳು, ಬೇರೆ ಊರಿನವರು, ಬೇರೆ ಏರಿಯಾದವರು ಎಲ್ಲರನ್ನೂ ಕಳೆದರೆ ನಿಮ್ಮ ಏರಿಯಾದ ಮತದಾರರು ಮೂವತ್ತು ಇದ್ದರೆ ಹೆಚ್ಚು. ನಮ್ಮವರಿಂದ ಸಿಗುವ ದೊಡ್ಡ ಬಲ ಸ್ವಯಂಸೇವಕರದ್ದು. 3,600 ವೋಟು ಬರಬೇಕಾದ್ದು ಬೀದಿಯಿಂದ.

ನಾಮಪತ್ರದ ಅವಧಿ ಚುನಾವಣೆಗೆ 113 ದಿನ ಇರುವಾಗ ತೆರೆದು 88 ದಿನ ಇರುವಾಗ ಮುಚ್ಚುತ್ತದೆ. 2026ರ ನವೆಂಬರ್ 3ಕ್ಕೆ ಲೆಕ್ಕ ಹಾಕಿದರೆ ಜುಲೈ 13ರಿಂದ ಆಗಸ್ಟ್ 7. ಈಗಿನ ಟ್ರಸ್ಟಿ ನಾಮಪತ್ರ ಹಾಕದಿದ್ದರೆ ಉಳಿದವರಿಗೆ ಇನ್ನೂ ಐದು ದಿನ ಸಿಗುತ್ತದೆ. ಹೊಸ ಎದುರಾಳಿ ಹುಟ್ಟಿಕೊಳ್ಳುವುದು ಆ ಐದು ದಿನದಲ್ಲಿ. ಸ್ಕೂಲ್ ಬೋರ್ಡಿಗೆ ಠೇವಣಿಯೂ ಇಲ್ಲ, ನಾಮಪತ್ರದ ಶುಲ್ಕವೂ ಇಲ್ಲ. ಖರ್ಚಿರುವುದು ಅಭ್ಯರ್ಥಿಯ ಹೇಳಿಕೆಗೆ. ಮತದಾರರ ಕೈಪಿಡಿಯಲ್ಲಿ ಅಚ್ಚಾಗುವ 200 ಪದಗಳ ಈ ಹೇಳಿಕೆಗೆ ಡಿಸ್ಟ್ರಿಕ್ಟಿನ ಗಾತ್ರದ ಮೇಲೆ ಕೆಲವು ನೂರರಿಂದ ಕೆಲವು ಸಾವಿರ ಡಾಲರ್ ಆಗುತ್ತದೆ. ಕೈಯಲ್ಲಿ ದುಡ್ಡು ಇದಕ್ಕೆ ಮಾತ್ರ ಇದ್ದರೂ ಇದಕ್ಕೇ ಹಾಕಿ. ಎಲ್ಲ ಮತದಾರರ ಮನೆಗೆ ತಲುಪುವ ನಿಮ್ಮ ಒಂದೇ ಕಾಗದ ಇದು. ಎದುರಾಳಿಯ ಪ್ರಸ್ತಾಪ ಮಾಡುವಂತಿಲ್ಲ, ಪಕ್ಷದ ಹೆಸರು ಹಾಕುವಂತಿಲ್ಲ, ಒಮ್ಮೆ ಸಲ್ಲಿಸಿದರೆ ತಿದ್ದುವಂತಿಲ್ಲ. ವಿಶೇಷನಾಮ ಎಷ್ಟು ಉದ್ದವಿದ್ದರೂ ಒಂದೇ ಪದ ಎಂದು ಎಣಿಕೆಯಾಗುತ್ತದೆ, ಹಾಗಾಗಿ ಶಾಲೆಗಳ, ಊರುಗಳ ಹೆಸರು ಧಾರಾಳವಾಗಿ ಬರೆಯಬಹುದು.

ಹೆಸರಿನ ಕೆಳಗೆ ಬರುವ ಉದ್ಯೋಗಸೂಚಕಕ್ಕೆ ಮೂರೇ ಪದ. ಸದ್ಯದ ಅಥವಾ ಹಿಂದಿನ ಕ್ಯಾಲೆಂಡರ್ ವರ್ಷದ ಮುಖ್ಯ ವೃತ್ತಿ ಆಗಿರಬೇಕು. 'ಆ್ಯಕ್ಟಿವಿಸ್ಟ್', 'ಟ್ಯಾಕ್ಸ್‌ಪೇಯರ್' ನಡೆಯುವುದಿಲ್ಲ. ಕೊನೇ ದಿನ ಹೋದರೆ, ತಿರಸ್ಕಾರವಾದಾಗ ಯೋಚಿಸಲು ಸಮಯವಿರುವುದಿಲ್ಲ. ಅವಧಿ ತೆರೆದ ಮೊದಲ ವಾರವೇ ಹೋಗಿ. ಅಕ್ಷರಗಳ ಚೀಟಿ ಎತ್ತುವುದು ಚುನಾವಣೆಗೆ 82 ದಿನ ಇರುವಾಗ: ಇಂಗ್ಲಿಷಿನ 26 ಅಕ್ಷರಗಳನ್ನು ರಾಜ್ಯ ಕಾರ್ಯದರ್ಶಿಯ ಕಚೇರಿಯಲ್ಲಿ ಯಾದೃಚ್ಛಿಕವಾಗಿ ಎತ್ತಿ, ಆ ಕ್ರಮದಲ್ಲೇ ಹೆಸರುಗಳನ್ನು ಜೋಡಿಸುತ್ತಾರೆ. ಸಾಂತಾ ಕ್ಲಾರಾ, ಆಲಮೀಡಾದಂಥ ಕೌಂಟಿಗಳಲ್ಲಿ ಮತಪತ್ರ ಚೀನೀ ಭಾಷೆಯಲ್ಲೂ ಅಚ್ಚಾಗುವುದರಿಂದ ನಿಮ್ಮ ಹೆಸರನ್ನು ಚೀನೀ ಅಕ್ಷರಗಳಲ್ಲಿ ಉಚ್ಚಾರಕ್ಕೆ ತಕ್ಕಂತೆ ಬರೆಯುತ್ತಾರೆ. ಮತಪತ್ರದಲ್ಲಿ ಬರುವ ಅದೇ ಅಕ್ಷರಗಳನ್ನು ನಿಮ್ಮ ಕರಪತ್ರದಲ್ಲೂ ಹಾಕಿ. ಇಲ್ಲದಿದ್ದರೆ ಕರಪತ್ರ ಓದಿದ ಅಜ್ಜಿಗೆ ಮತಪತ್ರದಲ್ಲಿ ನೀವು ಸಿಗುವುದಿಲ್ಲ.

ಬಾಗಿಲು ತಟ್ಟುವ ಮೊದಲು ಡಿಸ್ಟ್ರಿಕ್ಟಿನ ಲೆಕ್ಕ ಓದಿಕೊಂಡಿರಬೇಕು. ಪ್ರತಿ ಡಿಸೆಂಬರ್ 15ರೊಳಗೆ ಮೊದಲ ಮಧ್ಯಂತರ ವರದಿ, ಮಾರ್ಚ್ ಮಧ್ಯದ ಹೊತ್ತಿಗೆ ಎರಡನೆಯದು ಬೋರ್ಡಿನ ಮುಂದೆ ಬರುತ್ತವೆ. ಅದರಲ್ಲಿ ಮುಂದಿನ ಎರಡು ವರ್ಷದ ಅಂದಾಜೂ ಇರುತ್ತದೆ. ಮೊದಲು ನೋಡಬೇಕಾದ್ದು, ಡಿಸ್ಟ್ರಿಕ್ಟು ತನ್ನ ಖರ್ಚು ತೂಗಿಸಬಲ್ಲದೇ ಎಂಬುದರ ಪ್ರಮಾಣೀಕರಣ 'ಪಾಸಿಟಿವ್' ಇದೆಯೋ 'ಕ್ವಾಲಿಫೈಡ್' ಇದೆಯೋ 'ನೆಗೆಟಿವ್' ಇದೆಯೋ ಅನ್ನುವುದನ್ನು. ಆಮೇಲೆ ಮೀಸಲು ನಿಧಿ: 1,001ರಿಂದ 30,000 ಮಕ್ಕಳ ಸರಾಸರಿ ಹಾಜರಿ ಇರುವ ಡಿಸ್ಟ್ರಿಕ್ಟಿಗೆ ಕನಿಷ್ಠ 3%. ನಂತರ ಹಾಜರಿಯ ಇಳಿಕೆ. ಪ್ರತಿ ನಿವೇಶನದ ಮೇಲೆ ಹಾಕುವ ಪಾರ್ಸೆಲ್ ತೆರಿಗೆಯನ್ನು ಡಿಸ್ಟ್ರಿಕ್ಟು ಮುಂದಿಟ್ಟರೆ ಮೂರನೇ ಎರಡರಷ್ಟು ವೋಟು ಬೇಕು, ಕಟ್ಟಡದ ಬಾಂಡಿಗೆ 55% ಸಾಕು ಎಂಬ ವ್ಯತ್ಯಾಸ ಗೊತ್ತಿರಲಿ. ಶಿಕ್ಷಕರ ಯೂನಿಯನ್ ಸಂದರ್ಶನಕ್ಕೆ ಕರೆದಾಗ ಇವೇ ಪ್ರಶ್ನೆಗಳು ಬರುತ್ತವೆ. ಎಲ್ಲದಕ್ಕೂ ಹೌದು ಅಂದವರಿಗಿಂತ, "ಈ ಸಂಬಳ ಏರಿಕೆಗೆ ದುಡ್ಡು ಯಾವ ಸಾಲಿನಿಂದ ಬರುತ್ತದೆ ನೋಡೋಣ" ಎಂದು ಪುಟ ತೆರೆದವರನ್ನು ಅವರು ಗೌರವಿಸುತ್ತಾರೆ.

ಈಗ ಬಾಗಿಲು. 16,000 ಮತದಾರರು ಅಂದರೆ ಸುಮಾರು ಎಂಟೂವರೆ ಸಾವಿರ ಮನೆ. ಮತದಾರರ ಪಟ್ಟಿಯಲ್ಲಿ ಯಾರು ಯಾವ ಚುನಾವಣೆಯಲ್ಲಿ ವೋಟು ಹಾಕಿದ್ದಾರೆ ಎಂಬುದಿರುತ್ತದೆ (ಯಾರಿಗೆ ಎಂಬುದಿಲ್ಲ). ಹಿಂದಿನ ನಾಲ್ಕರಲ್ಲಿ ಎರಡು ಸಲವಾದರೂ ಹಾಕಿದವರ ಮನೆಗಳನ್ನು ಮಾತ್ರ ಆರಿಸಿದರೆ ಐದು ಸಾವಿರಕ್ಕೆ ಇಳಿಯುತ್ತದೆ. ಒಬ್ಬರು ಗಂಟೆಗೆ 18 ಬಾಗಿಲು ಮುಗಿಸಬಹುದು; ಗುಡ್ಡದ ಮೇಲಿನ ಬೀದಿಗಳಲ್ಲಿ 12. ಆರು ಜನ, ಶನಿವಾರ ಭಾನುವಾರ ತಲಾ ಮೂರು ಗಂಟೆ, ಎಂಟು ವಾರ: 288 ಗಂಟೆ, ಸುಮಾರು 5,180 ಬಾಗಿಲು. ಅಲ್ಲಿಗೆ ಲೆಕ್ಕ ಸರಿಹೋಯಿತು. ಆಗಸ್ಟ್ ಎರಡನೇ ವಾರ ಶುರು ಮಾಡಿದರೆ ಮತಪತ್ರ ಅಂಚೆಗೆ ಬೀಳುವ ಹೊತ್ತಿಗೆ ಮುಗಿಯುತ್ತದೆ. ಅಭ್ಯರ್ಥಿಯೇ ಇದರಲ್ಲಿ ಮೂರನೇ ಒಂದು ಭಾಗ ನಡೆಯಬೇಕು, ಕೆಲಸದ ದಿನಗಳ ಸಂಜೆ ನಾಲ್ಕೂವರೆಯಿಂದ ಏಳರವರೆಗೂ.

ಬಾಗಿಲಲ್ಲಿ ಮಾಡುವುದು ಹೀಗೆ. ಗಂಟೆ ಒತ್ತಿ ಎರಡು ಹೆಜ್ಜೆ ಹಿಂದೆ ಬಂದು ಪಕ್ಕಕ್ಕೆ ನಿಲ್ಲಿ, ತಂಪು ಕನ್ನಡಕ ತೆಗೆಯಿರಿ, ಕರಪತ್ರ ಎದೆಯ ಮಟ್ಟದಲ್ಲಿ ಕಾಣಲಿ. ಕ್ಯಾಮೆರಾ ಇರುವ ಕರೆಗಂಟೆಯಾದರೆ ಒಳಗೆ ಯಾರೂ ಇಲ್ಲದಿದ್ದರೂ ಹತ್ತು ಸೆಕೆಂಡಿನಲ್ಲಿ ಹೆಸರು, ಸ್ಕೂಲ್ ಬೋರ್ಡ್, ವೋಟಿನ ದಿನ ಹೇಳಿಬಿಡಿ; ಮನೆಯವರು ಸಂಜೆ ನೋಡುತ್ತಾರೆ. ತೆರೆದರೆ "ನಿಮ್ಮ ಮಕ್ಕಳು ಯಾವ ಶಾಲೆ?" ಎಂದು ಶುರು ಮಾಡಬೇಡಿ. ಬಹಳ ಮನೆಗಳಲ್ಲಿ ಶಾಲೆಗೆ ಹೋಗುವ ಮಕ್ಕಳೇ ಇರುವುದಿಲ್ಲ, ಮಾತು ಅಲ್ಲೇ ಮುಗಿಯುತ್ತದೆ. "ಈ ಬೀದಿಯ ಶಾಲೆಯ ಬಗ್ಗೆ ನಿಮಗೆ ಏನನ್ನಿಸುತ್ತದೆ?" ಅಂದರೆ ನಿವೃತ್ತರೂ ಮಾತಾಡುತ್ತಾರೆ. ಎರಡು ನಿಮಿಷ ಕೇಳಿ, ಅರ್ಧ ನಿಮಿಷ ಹೇಳಿ, "ನಿಮ್ಮ ವೋಟು ಸಿಗುತ್ತದಾ?" ಎಂದು ಬಾಯಿಬಿಟ್ಟು ಕೇಳಿ. ನಮ್ಮವರಿಗೆ ಆ ಕೊನೆಯ ಪ್ರಶ್ನೆ ಕೇಳುವುದೇ ಸಂಕೋಚ. ಕೇಳದೆ ಬಂದರೆ ಪಟ್ಟಿಯಲ್ಲಿ ಏನು ಗುರುತು ಹಾಕುತ್ತೀರಿ? ಖಚಿತ ಬೆಂಬಲಕ್ಕೆ 1, ಖಚಿತ ವಿರೋಧಕ್ಕೆ 5, ಗೇಟು ದಾಟುವ ಮೊದಲೇ ಫೋನಿನಲ್ಲಿ ಹಾಕಬೇಕು. ನಕ್ಕು ಮಾತಾಡಿಸಿದವರಿಗೆಲ್ಲ 1 ಹಾಕುವುದು ಹೊಸ ಸ್ವಯಂಸೇವಕರ ಸಾಮಾನ್ಯ ತಪ್ಪು. ಅಂಥದ್ದು 2 ಅಥವಾ 3.

ಯಾರೂ ಇಲ್ಲದಿದ್ದರೆ ಕರಪತ್ರವನ್ನು ಬಾಗಿಲ ಹಿಡಿಗೆ ಸಿಕ್ಕಿಸಿ. ಅಂಚೆಪೆಟ್ಟಿಗೆಗೆ ಹಾಕಲೇಬಾರದು. ಸ್ಟ್ಯಾಂಪಿಲ್ಲದ ಕಾಗದವನ್ನು ಮನೆಯ ಮೇಲ್‌ಬಾಕ್ಸಿಗೆ ಹಾಕುವುದು ಫೆಡರಲ್ ಕಾನೂನಿನ ಉಲ್ಲಂಘನೆ. ಊರಿನಿಂದ ಹೊಸದಾಗಿ ಬಂದ ಹುಡುಗರಿಗೆ ಇದನ್ನು ಮೊದಲೇ ಹೇಳದಿದ್ದರೆ ಅರ್ಧ ಗಂಟೆಯಲ್ಲಿ ಇಡೀ ಬೀದಿಗೆ ಹಾಕಿ ಬಂದಿರುತ್ತಾರೆ.

ಯಾರ್ಡ್ ಸೈನ್ ವೋಟು ತರುವುದಿಲ್ಲ, ಹೆಸರು ಪರಿಚಯ ಮಾಡುತ್ತದೆ. 18×24 ಇಂಚಿನ ಸುಕ್ಕುಪ್ಲಾಸ್ಟಿಕ್ ಫಲಕ, ಕೆಳಗೆ 'ಎಚ್' ಆಕಾರದ ತಂತಿಯ ಕಡ್ಡಿ, 250 ಸಾಕು. ಖಾಸಗಿ ಅಂಗಳದಲ್ಲಿ, ಒಪ್ಪಿಗೆ ಕೇಳಿಯೇ ನೆಡಿ. ಹೆದ್ದಾರಿಗೆ ಕಾಣುವ ಜಾಗಕ್ಕೆ ರಾಜ್ಯದ ಸಾರಿಗೆ ಇಲಾಖೆಯಾದ ಕ್ಯಾಲ್‌ಟ್ರಾನ್ಸ್ ನಿಯಮವಿದೆ: 90 ದಿನಕ್ಕಿಂತ ಮೊದಲು ಹಾಕುವಂತಿಲ್ಲ, ಚುನಾವಣೆಯಾದ 10 ದಿನದೊಳಗೆ ತೆಗೆಯಬೇಕು. ಅಚ್ಚಿನ ಕೆಲಸವನ್ನು ಯೂನಿಯನ್ ಮುದ್ರೆ ಇರುವ ಪ್ರೆಸ್ಸಿನಲ್ಲೇ ಮಾಡಿಸಿ. ಕಾರ್ಮಿಕ ಸಂಘಟನೆಗಳ ಬೆಂಬಲ ಕೇಳುವಾಗ ಅವರು ಮೊದಲು ಕರಪತ್ರ ತಿರುಗಿಸಿ ಆ ಸಣ್ಣ ಗುರುತನ್ನೇ ಹುಡುಕುತ್ತಾರೆ. ಒಂದು ತಿಂಗಳಲ್ಲಿ ಒಂದೇ ಬಗೆಯ 200ಕ್ಕಿಂತ ಹೆಚ್ಚು ಪ್ರತಿ ಅಂಚೆಗೆ ಹಾಕಿದರೆ ಸಮಿತಿಯ ಹೆಸರು, ವಿಳಾಸ ಹೊರಗಡೆ ಅಚ್ಚಾಗಿರಲೇಬೇಕು.

ಇಲ್ಲಿ ಚುನಾವಣೆ ಒಂದು ದಿನದ್ದಲ್ಲ. 2021ರ ಕಾನೂನಿನ ಮೇಲೆ ಎಲ್ಲ ಸಕ್ರಿಯ ಮತದಾರರಿಗೂ ಮತಪತ್ರ ಅಂಚೆಯಲ್ಲಿ ಹೋಗುತ್ತದೆ, 29 ದಿನ ಮೊದಲೇ ಹೊರಡುತ್ತದೆ. ಯಾರ ಮತಪತ್ರ ವಾಪಸು ಬಂತು ಎಂಬ ಪಟ್ಟಿ ಕೌಂಟಿಯಿಂದ ಸಿಗುತ್ತದೆ. ಅದನ್ನು ನಿಮ್ಮ 1, 2 ಗುರುತಿನವರ ಪಟ್ಟಿಯ ಜತೆ ಹೊಂದಿಸಿ, ಹಾಕಿದವರನ್ನು ತೆಗೆದು, ಹಾಕದವರಿಗೆ ಮಾತ್ರ ಫೋನ್ ಮಾಡಿ. ಸಹಿ ಹೊಂದದೆ ತಡೆಹಿಡಿದ ಮತಪತ್ರಗಳನ್ನು ಸರಿಪಡಿಸಲು ಮತದಾರರಿಗೆ ಅವಕಾಶವಿದೆ. ನಮ್ಮ ಹಿರಿಯರು ಒಮ್ಮೆ ಕನ್ನಡದಲ್ಲಿ, ಒಮ್ಮೆ ಇಂಗ್ಲಿಷಿನಲ್ಲಿ ಸಹಿ ಮಾಡುವುದರಿಂದ ಈ ತೊಂದರೆ ಹೆಚ್ಚು. ಚುನಾವಣೆಯ ದಿನದ ಅಂಚೆ ಮುದ್ರೆ ಇದ್ದು ಏಳು ದಿನದೊಳಗೆ ತಲುಪಿದ್ದೂ ಎಣಿಕೆಗೆ ಬರುತ್ತದೆ. ಮೊದಲ ರಾತ್ರಿ 60 ವೋಟು ಹಿಂದಿದ್ದೀರಿ ಎಂದು ಸೋಲೊಪ್ಪಿಕೊಳ್ಳುವ ಆತುರ ಬೇಡ.

ಅಸೆಂಬ್ಲಿಗೆ ಬಂದರೆ ಅಳತೆಯೇ ಬೇರೆ. ಕರ್ನಾಟಕದಲ್ಲಿ 2011ರ ಜನಗಣತಿಯ ಆರು ಕೋಟಿ ಹನ್ನೊಂದು ಲಕ್ಷವನ್ನು 224 ಕ್ಷೇತ್ರಕ್ಕೆ ಹಂಚಿದರೆ ಒಂದಕ್ಕೆ ಎರಡು ಲಕ್ಷದ ಎಪ್ಪತ್ತು ಸಾವಿರದ ಆಸುಪಾಸು. ಇಲ್ಲಿ ಬರೀ 80 ಕ್ಷೇತ್ರ, ಒಂದೊಂದರಲ್ಲೂ ಐದು ಲಕ್ಷದ ಹತ್ತಿರ ಜನ. 2,80,000 ಮತದಾರರು, ಪ್ರೈಮರಿಯಲ್ಲಿ (ಮೊದಲ ಸುತ್ತಿನಲ್ಲಿ) 35% ಅಂದರೂ 98,000 ವೋಟು. 2010ರಲ್ಲಿ ಜನಮತದಿಂದ ಬಂದ ನಿಯಮದಂತೆ ಎಲ್ಲ ಪಕ್ಷದವರೂ ಒಂದೇ ಪ್ರೈಮರಿಯಲ್ಲಿ ನಿಂತು, ಮೊದಲ ಇಬ್ಬರು ನವೆಂಬರಿಗೆ ಹೋಗುತ್ತಾರೆ, ಇಬ್ಬರೂ ಒಂದೇ ಪಕ್ಷದವರಾದರೂ ಸರಿ. ಆರು ಜನ ನಿಂತರೆ ಎರಡನೇ ಸ್ಥಾನಕ್ಕೆ 22,000ದಿಂದ 25,000 ಬೇಕು. ಅದೇ ಆರು ಜನ ಅದೇ ಎಂಟು ವಾರ ನಡೆದರೆ ಮುಟ್ಟುವುದು ಐದು ಸಾವಿರ ಬಾಗಿಲು, ತೆರೆಯುವುದು ಅದರಲ್ಲಿ ಕಾಲು ಭಾಗ. ಸ್ಕೂಲ್ ಬೋರ್ಡಿನಲ್ಲಿ ಗೆಲ್ಲಿಸಿದ ಅದೇ ಶ್ರಮ ಇಲ್ಲಿ ಎಲ್ಲಿ ಹೋಯಿತೆಂದೇ ಗೊತ್ತಾಗುವುದಿಲ್ಲ.

ಬಾಗಿಲಿನ ಜಾಗಕ್ಕೆ ಇಲ್ಲಿ ಅಂಚೆ ಬರುತ್ತದೆ. ಪ್ರೈಮರಿಯಲ್ಲಿ ನಿಜವಾಗಿ ವೋಟು ಹಾಕುವ 60,000 ಮನೆಗಳಿಗೆ ಒಂದು ಮೇಲರ್ (ಅಂಚೆಯಲ್ಲಿ ಕಳಿಸುವ ಕರಪತ್ರ), ಮುದ್ರಣ ಅಂಚೆ ಸೇರಿ 65 ಸೆಂಟಿನಂತೆ 39,000 ಡಾಲರ್. ಹೆಸರು ನೆನಪಿಗೆ ಬರಲು ನಾಲ್ಕಾದರೂ ಬೇಕು. 2025-26ರ ಅವಧಿಗೆ ಒಬ್ಬರು ಒಂದು ಚುನಾವಣೆಗೆ ಕೊಡಬಹುದಾದ ಮಿತಿ 5,900 ಡಾಲರ್. ಪ್ರೈಮರಿ, ಜನರಲ್ (ನವೆಂಬರಿನದು) ಬೇರೆ ಬೇರೆ ಲೆಕ್ಕ. ಆದ್ದರಿಂದ ಅಭ್ಯರ್ಥಿಯ ದಿನದ ಮುಖ್ಯ ಕೆಲಸ ಫೋನ್. ದಿನಕ್ಕೆ ಮೂರು ಗಂಟೆ, ಪಕ್ಕದಲ್ಲಿ ಒಬ್ಬರು ನಂಬರ್ ಹಚ್ಚಿಕೊಡಬೇಕು, 30 ಕರೆ, ಸಿಗುವವರು ಹತ್ತು, ಒಪ್ಪುವವರು ನಾಲ್ಕು. ಒಪ್ಪಿದ ದಿನವೇ ಲಿಂಕ್ ಕಳಿಸಿ, ಮೂರನೇ ದಿನ ನೆನಪಿಸಿ. ಮೊತ್ತ ಹೇಳದೆ "ನಿಮ್ಮ ಕೈಲಾದಷ್ಟು" ಎಂದು ಕೇಳಿದರೆ ನೂರು ಬರುವ ಕಡೆ ಇಪ್ಪತ್ತೈದು ಬರುತ್ತದೆ. ಸ್ಕೂಲ್ ಬೋರ್ಡ್ ಸಮಿತಿಯಲ್ಲಿ ಉಳಿದ ದುಡ್ಡನ್ನು ಸುಮ್ಮನೆ ಈ ಖಾತೆಗೆ ಸುರಿಯುವಂತಿಲ್ಲ. ಹೊಸ ಫಾರಂ 501, ಹೊಸ ಸಮಿತಿ, ಹೊಸ ಖಾತೆ. ವರ್ಗಾಯಿಸುವ ಪ್ರತಿ ಡಾಲರನ್ನೂ ಮೂಲತಃ ಕೊಟ್ಟವರ ಹೆಸರಿಗೆ ಹಚ್ಚಿ, ಅವರ ಹೊಸ ಮಿತಿಯೊಳಗೆ ಇದೆಯೇ ನೋಡಬೇಕು.

ನಾಮಪತ್ರಕ್ಕೂ ಇಲ್ಲಿ ಬೆಲೆಯಿದೆ: ಆ ಹುದ್ದೆಯ ವಾರ್ಷಿಕ ಸಂಬಳದ 1% ಶುಲ್ಕ, ಜತೆಗೆ 40ರಿಂದ 60 ಮತದಾರರ ಸಹಿ. ಕ್ಷೇತ್ರದ ಹೊರಗಿನವರ ಸಹಿ ಬಿದ್ದುಹೋಗುತ್ತದೆ, ಆದ್ದರಿಂದ 60 ತುಂಬಿಸಿಯೇ ಕೊಡಿ. ಕೈಪಿಡಿಯ 250 ಪದದ ಹೇಳಿಕೆ ಬೇಕಾದರೆ ಸ್ವಯಂ ಖರ್ಚುಮಿತಿಯನ್ನು ಫಾರಂ 501ರಲ್ಲೇ ಒಪ್ಪಿರಬೇಕು. ಸ್ಕೂಲ್ ಬೋರ್ಡ್ ಸದಸ್ಯರಾಗಿದ್ದರೆ ದೊಡ್ಡ ಲಾಭವೊಂದುಂಟು: ಚುನಾಯಿತ ಹುದ್ದೆಯ ಹೆಸರನ್ನು ಮತಪತ್ರದಲ್ಲಿ ಹಾಕಿಕೊಳ್ಳಬಹುದು, ಅದಕ್ಕೆ ಮೂರು ಪದದ ಮಿತಿ ಇಲ್ಲ. ದರ್ಶನಾ ಪಟೇಲ್ ಪೋವೇ ಯೂನಿಫೈಡ್ ಸ್ಕೂಲ್ ಬೋರ್ಡಿನಿಂದಲೇ 2024ರಲ್ಲಿ ಅಸೆಂಬ್ಲಿಗೆ ಗೆದ್ದರು. ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ ಅವರ ದಾರಿ ಬೇರೆ: 2018ರಲ್ಲಿ ಮಿಷಿಗನ್ ಗವರ್ನರ್ ಪ್ರೈಮರಿಯಲ್ಲಿ ಸೋತು, 2020ರಲ್ಲಿ ರಾಜ್ಯದ ಹೌಸಿಗೆ, 2022ರಲ್ಲಿ ಕಾಂಗ್ರೆಸ್ಸಿಗೆ ಗೆದ್ದರು.

ಹೊಸಬರಿಗೆ ಕಾಣದ ಚುನಾವಣೆ ಪಕ್ಷದೊಳಗೆ ನಡೆಯುತ್ತದೆ. ಡೆಮಾಕ್ರಟಿಕ್ ಪಕ್ಷದ ಅಧಿಕೃತ ಬೆಂಬಲ ತೀರ್ಮಾನಿಸುವುದು ಕೆಲವೇ ಪ್ರತಿನಿಧಿಗಳು; ಪ್ರತಿ ಅಸೆಂಬ್ಲಿ ಕ್ಷೇತ್ರದಿಂದ 14 ಜನ ಪ್ರತಿನಿಧಿಗಳಾಗಿ ಆಯ್ಕೆಯಾಗಿರುತ್ತಾರೆ, ಸ್ಥಳೀಯ ಕ್ಲಬ್ಬುಗಳ ಸದಸ್ಯರೂ ಸೇರುತ್ತಾರೆ. ಕ್ಲಬ್ಬಿನ ಸದಸ್ಯತ್ವ ಪಟ್ಟಿ ಮುಚ್ಚುವುದು ಪ್ರೈಮರಿಗೆ ತಿಂಗಳುಗಟ್ಟಲೆ ಮೊದಲು. ನಾಮಪತ್ರದ ಹೊತ್ತಿಗೆ ಈ ಬಾಗಿಲು ಮುಚ್ಚಿರುತ್ತದೆ. ನನ್ನ ಮಟ್ಟಿಗೆ ಅಸೆಂಬ್ಲಿಯ ಸ್ಪರ್ಧೆ ತಪ್ಪಿದ್ದು ಇಲ್ಲೇ. ಆ ನೂರರೊಳಗಿನ ಜನರ ಜತೆ ಒಬ್ಬೊಬ್ಬರಾಗಿ ಕಾಫಿಗೆ ಕೂರಬೇಕಾದ ವರ್ಷದಲ್ಲಿ ಬೀದಿಗಳ ನಕ್ಷೆ ಬಣ್ಣ ಹಚ್ಚುತ್ತ ಕೂತದ್ದು. ಜತೆಗೆ, ನಿಮಗೆ ಸಂಬಂಧವೇ ಇಲ್ಲದ ಗುಂಪುಗಳು ಮಿತಿಯಿಲ್ಲದೆ ಖರ್ಚು ಮಾಡಿ ಪರವಾಗಿಯೋ ವಿರುದ್ಧವಾಗಿಯೋ ಮೇಲರ್ ಕಳಿಸುತ್ತವೆ. ಅವರ ಜತೆ ಸಮಾಲೋಚನೆ ನಡೆಸುವಂತಿಲ್ಲ, ಪರಿಚಯದವರೇ ಆಗಿದ್ದರೂ.

ಸೋಲಲಿ ಗೆಲ್ಲಲಿ, ಚುನಾವಣೆಯ ಮಾರನೇ ಶನಿವಾರ ಸೈನುಗಳನ್ನು ಕೀಳಲು ಜನ ಕರೆಯಿರಿ. ದಪ್ಪ ಕೈಗವಸು ಬೇಕು, ತಂತಿಯ ತುದಿ ಚುಚ್ಚುತ್ತದೆ. ಕಡ್ಡಿಗಳನ್ನು ಇಪ್ಪತ್ತೈದರ ಕಟ್ಟು ಮಾಡಿ ಇಟ್ಟರೆ ಮುಂದಿನ ಸಲಕ್ಕೆ ಬರುತ್ತವೆ. ಕೊಟ್ಟವರಿಗೆಲ್ಲ ಕೈಬರಹದಲ್ಲಿ ಧನ್ಯವಾದ ಬರೆಯಿರಿ. ಸಮಿತಿ ಮುಚ್ಚುವುದಾದರೆ ಖಾತೆ ಸೊನ್ನೆಗೆ ತಂದು ಕೊನೆಯ ಫಾರಂ 460, ಮುಕ್ತಾಯದ ಫಾರಂ 410 ಎರಡನ್ನೂ ಕೊಡಬೇಕು. ಮುಚ್ಚದೆ ಬಿಟ್ಟರೆ ವರ್ಷವರ್ಷವೂ 50 ಡಾಲರ್ ಶುಲ್ಕ ಬರುತ್ತಲೇ ಇರುತ್ತದೆ. ಚೆಕ್ಕಿನ ಪ್ರತಿ, ಬಿಲ್ಲು, ರಸೀದಿ ಇರುವ ಪೆಟ್ಟಿಗೆಯನ್ನು ನಾಲ್ಕು ವರ್ಷ ಜೋಪಾನವಾಗಿ ಇಡಿ.